ಅವಾಹಕ ಆಕ್ಸೈಡ್‌ಗೆ ಡೋಪಿಂಗ್: ಹೋಲ್ ಎಣಿಸಿ, ಅದರ ನೆಲೆ ಹುಡುಕಿ, ಆಮೇಲೆ ಕಕ್ಷಕದ ಮಾತಾಡಿ

ಪ್ರತಿ ವರ್ಷ ಪ್ರಾಜೆಕ್ಟ್ ವರದಿ ಸಲ್ಲಿಸುವ ಹೊತ್ತಿಗೆ ಒಂದೇ ವಾಕ್ಯ ಬೇರೆ ಬೇರೆ ಕೈಬರಹದಲ್ಲಿ ಬರುತ್ತದೆ: ‘ಲ್ಯಾಂಥನಮ್ ಜಾಗಕ್ಕೆ ಸ್ಟ್ರಾಂಷಿಯಂ ಹಾಕಿದೆವು, ರೋಧ ಇಳಿಯಿತು, ಆದ್ದರಿಂದ ಮ್ಯಾಂಗನೀಸ್ ಮೂರರಿಂದ ನಾಲ್ಕಕ್ಕೆ ಏರಿದೆ.’ ವೈವಾದಲ್ಲಿ ಪರೀಕ್ಷಕರು ‘ಹಾಗಾದರೆ ಕಕ್ಷಕಕ್ಕೆ (ಪರಮಾಣುವಿನಲ್ಲಿ ಎಲೆಕ್ಟ್ರಾನ್ ಕೂರುವ ಮನೆ, ಆರ್ಬಿಟಲ್) ಏನಾಯಿತು?’ ಎಂದು ಕೇಳಿದರೆ ಉತ್ತರವಿಲ್ಲ. ಮುಂಬಯಿಯ ಕಾಲೀನಾ ಇರಲಿ, ಪುಣೆಯ ಗಣೇಶಖಿಂಡ ಇರಲಿ, ಗೋವಾದ ತಾಳೆಗಾಂವ್ ಇರಲಿ, ಧಾರವಾಡ, ಕಲಬುರಗಿ, ಕಾರವಾರದ ಕಡೆಯಿಂದ ಬಂದು ಇಲ್ಲಿ ಎಂ.ಎಸ್ಸಿ ಅಥವಾ ಪಿಎಚ್.ಡಿ. ಮಾಡುತ್ತಿರುವ ನಮ್ಮವರು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಉಪಕರಣದ ಕೊರತೆ ಇದಕ್ಕೆ ಕಾರಣವಲ್ಲ. ಹೆಜ್ಜೆಗಳ ಕ್ರಮ ತಪ್ಪಿರುತ್ತದೆ.

ಕ್ರಮ ಹೀಗೆ. ಡೋಪಿಂಗ್ ಎಂದರೆ ಹರಳಿನ ಕೆಲವು ಅಯಾನುಗಳನ್ನು ತೆಗೆದು ಬೇರೆಯದನ್ನು ಇಡುವುದು; ಅದರಿಂದ ಎಲೆಕ್ಟ್ರಾನ್ ಕಡಿಮೆಯಾದ ಖಾಲಿ ಜಾಗವೇ ಹೋಲ್. ಮೊದಲು ಎಷ್ಟು ಹೋಲ್ ಬಂದಿವೆ ಎಂದು ಎಣಿಸಬೇಕು. ಆಮೇಲೆ ಅವು ಲೋಹದ ಮೇಲಿವೆಯೋ ಆಮ್ಲಜನಕದ ಮೇಲಿವೆಯೋ ನೋಡಬೇಕು. ಯಾವ ಕಕ್ಷಕ ಬರಿದಾಯಿತು, ಯಾವುದು ತಿರುಗಿತು ಎಂಬ ಪ್ರಶ್ನೆಗೆ ಕೈಹಾಕುವುದು ಕೊನೆಗೆ. ಎಣಿಕೆ ಬಿಟ್ಟು ನೇರವಾಗಿ ಸ್ಪೆಕ್ಟ್ರಮ್‌ಗೆ ಹಾರಿದವರು ಎಂತಹ ಒಳ್ಳೆಯ ಬೀಮ್‌ಲೈನ್‌ಗೆ (ಸಿಂಕ್ರೊಟ್ರಾನ್ ಎಕ್ಸ್-ರೇ ಬಳಸಿ ಅಳೆಯುವ ಕೇಂದ್ರಕ್ಕೆ) ಹೋದರೂ ಬರಿಗೈಲಿ ವಾಪಸ್ಸಾಗುತ್ತಾರೆ.

ಉದಾಹರಣೆಗೆ ಲ್ಯಾಂಥನಮ್ ಮ್ಯಾಂಗನೈಟ್ (ಒಂದು ಲ್ಯಾಂಥನಮ್, ಒಂದು ಮ್ಯಾಂಗನೀಸ್‌ಗೆ ಮೂರು ಆಮ್ಲಜನಕದ ಆಕ್ಸೈಡ್) ತೆಗೆದುಕೊಂಡು, ಅದರಲ್ಲಿ ಶೇ. 10ರಷ್ಟು ಲ್ಯಾಂಥನಮ್ ತೆಗೆದು ಸ್ಟ್ರಾಂಷಿಯಂ ಇಡುವ ಕೆಲಸವನ್ನೇ ಕೊನೆವರೆಗೆ ಹಿಡಿದುಕೊಂಡು ಹೋಗುತ್ತೇನೆ. ಈ ಪ್ರಮಾಣದಲ್ಲಿ ವಸ್ತು ಇನ್ನೂ ಅವಾಹಕವೇ. ಸುಮಾರು ಶೇ. 17 ದಾಟಿದ ಮೇಲಷ್ಟೇ ತಣ್ಣಗಿನ ತಾಪದಲ್ಲಿ ಲೋಹದಂತೆ ನಡೆದುಕೊಳ್ಳುತ್ತದೆ. ಕಕ್ಷಕದ ಕಥೆ ಕಲಿಯಲು ಈ ಅವಾಹಕ ಬದಿಯೇ ಒಳ್ಳೆಯದು.

ಕೈಯಲ್ಲಿರಬೇಕಾದ ಸಾಮಾನು

0.1 ಮಿಲಿಗ್ರಾಂ ತೋರಿಸುವ ತಕ್ಕಡಿ, ಅಗೇಟ್ ಮಾರ್ಟರ್, 1300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಫರ್ನೇಸ್, ಅಲ್ಯುಮಿನಾ ಕ್ರೂಸಿಬಲ್, ಪೆಲೆಟ್ ಪ್ರೆಸ್, ಡೆಸಿಕೇಟರ್, ಆರ್ಗಾನ್ ಸಿಲಿಂಡರ್ ಜೊತೆಗೆ ಒಂದು ಟ್ಯೂಬ್ ಫರ್ನೇಸ್, ಬ್ಯುರೆಟ್, ಪೊಟ್ಯಾಸಿಯಂ ಅಯೊಡೈಡ್, ಸೋಡಿಯಂ ಥಯೋಸಲ್ಫೇಟ್. ಇಲಾಖೆಯಲ್ಲಿ ಎಕ್ಸ್-ರೇ ಡಿಫ್ರಾಕ್ಷನ್ ಇದ್ದೇ ಇರುತ್ತದೆ, ರಾಮನ್ (ಲೇಸರ್ ಬೆಳಕಿನಿಂದ ಬಂಧಗಳ ಕಂಪನ ನೋಡುವ ಉಪಕರಣ) ಕೂಡ ಬಹುತೇಕ ಕಡೆ ಸಿಗುತ್ತದೆ. ಗಾಜಿನ ಸಾಮಾನು, ಕ್ರೂಸಿಬಲ್‌ಗಳಿಗೆ ಮುಂಬಯಿಯವರು ಪ್ರಿನ್ಸೆಸ್ ಸ್ಟ್ರೀಟ್‌ಗೆ ಒಂದು ಸುತ್ತು ಹೋದರೆ ಸಾಕು. ಆದರೆ ಲ್ಯಾಂಥನಮ್ ಆಕ್ಸೈಡ್ ಮಾತ್ರ ಅಗ್ಗವೆಂದು ಬಿಡಿಯಾಗಿ ಕಟ್ಟಿಸಿಕೊಂಡು ಬರಬೇಡಿ. ಶೇ. 99.9ಕ್ಕಿಂತ ಕಡಿಮೆ ಶುದ್ಧತೆಯದು ಈ ಕೆಲಸಕ್ಕೆ ಬೇಡ.

ಹಂತ 1: ಫರ್ನೇಸ್ ಹಚ್ಚುವ ಮೊದಲು ಕಾಗದದ ಮೇಲೆ ಕಕ್ಷಕ ತುಂಬಿ

ಡೋಪ್ ಮಾಡದ ಮ್ಯಾಂಗನೈಟ್‌ನಲ್ಲಿ ಮ್ಯಾಂಗನೀಸ್ ಮೂರು ಧನ ಅಯಾನು. ಅದರ 3ಡಿ ಕಕ್ಷಕಗಳಲ್ಲಿ ನಾಲ್ಕು ಎಲೆಕ್ಟ್ರಾನ್. ಸುತ್ತ ಆರು ಆಮ್ಲಜನಕದ ಅಷ್ಟಮುಖಿ. ಆಮ್ಲಜನಕದ ಕಡೆಗೆ ನೇರ ಮುಖ ಮಾಡದ ಮೂರು ಕಕ್ಷಕಗಳ (ಟಿ-ಟು-ಜಿ) ಶಕ್ತಿ ಕೆಳಗೆ. ನೇರ ಮುಖ ಮಾಡಿರುವ ಎರಡರ (ಇ-ಜಿ) ಶಕ್ತಿ ಮೇಲೆ. ಮೂರು ಎಲೆಕ್ಟ್ರಾನ್ ಕೆಳಗೆ ಕೂತು, ಉಳಿದ ಒಂದು ಮೇಲಿನ ಎರಡು ಮನೆಗಳಲ್ಲಿ ಯಾವುದಕ್ಕೆ ಹೋಗಬೇಕೆಂದು ತೀರ್ಮಾನಿಸಬೇಕು. ಆ ಇಕ್ಕಟ್ಟು ಬಿಡಿಸಿಕೊಳ್ಳಲು ಅಷ್ಟಮುಖಿಯೇ ಒಂದು ದಿಕ್ಕಿಗೆ ಉದ್ದವಾಗುತ್ತದೆ. ಇದೇ ಯಾನ್-ಟೆಲ್ಲರ್ ವಿರೂಪ. ಕೋಣೆಯ ತಾಪದಲ್ಲಿ ಮ್ಯಾಂಗನೀಸ್-ಆಮ್ಲಜನಕ ಬಂಧಗಳು ಸುಮಾರು 1.91, 1.97, 2.18 ಆಂಗ್‌ಸ್ಟ್ರಾಂ. ಆ ಉದ್ದನೆಯ 2.18 ಇರುವ ದಿಕ್ಕಿಗೇ ಎಲೆಕ್ಟ್ರಾನ್ ಕೂತ ಕಕ್ಷಕದ ಹಾಲೆ ಚಾಚಿರುತ್ತದೆ. ಪಕ್ಕದ ಮ್ಯಾಂಗನೀಸ್‌ನಲ್ಲಿ ಅದು ಲಂಬ ದಿಕ್ಕಿಗೆ ತಿರುಗಿರುತ್ತದೆ. ಹೀಗೆ ಸಮತಲದಲ್ಲಿ ಒಂದು ಬಿಟ್ಟು ಒಂದು. ಸುಮಾರು 750 ಕೆಲ್ವಿನ್‌ಗಿಂತ ಕೆಳಗೆ ಈ ಕಕ್ಷಕ ಶಿಸ್ತು ಗಟ್ಟಿ.

ಈ ಚಿತ್ರವನ್ನು ಕೈಯಲ್ಲೇ ಬಿಡಿಸಿ. ಬಿಡಿಸಲು ಬರದಿದ್ದರೆ ಮುಂದೆ ಹೋಗಬೇಡಿ, ಏಕೆಂದರೆ ಡೋಪಿಂಗ್ ಕೆಡಿಸುವುದು ಇದನ್ನೇ.

ಜೊತೆಗೇ ಇನ್ನೊಂದು ಪ್ರಶ್ನೆ: ನಿಮ್ಮ ಆಕ್ಸೈಡ್ ಯಾಕೆ ಅವಾಹಕ? ಒಂದೇ ಲೋಹದ ಮೇಲೆ ಎರಡು ಎಲೆಕ್ಟ್ರಾನ್ ಕೂರಿಸಲು ತಗಲುವ ಶಕ್ತಿ ಒಂದು, ಆಮ್ಲಜನಕದಿಂದ ಲೋಹಕ್ಕೆ ಎಲೆಕ್ಟ್ರಾನ್ ಸಾಗಿಸಲು ತಗಲುವ ಶಕ್ತಿ ಇನ್ನೊಂದು. ಮೊದಲನೆಯದು ಚಿಕ್ಕದಾದರೆ ಮಾಟ್-ಹಬ್ಬರ್ಡ್ ಬಗೆ: ಟೈಟಾನಿಯಂ, ವೆನೇಡಿಯಂ ಆಕ್ಸೈಡ್‌ಗಳು ಆ ಕಡೆ. ಎರಡನೆಯದು ಚಿಕ್ಕದಾದರೆ ಚಾರ್ಜ್ ಟ್ರಾನ್ಸ್‌ಫರ್ ಬಗೆ: ನಿಕಲ್, ತಾಮ್ರ ಈ ಕಡೆ. ಮ್ಯಾಂಗನೀಸ್, ಕಬ್ಬಿಣ ನಡುವೆ ತೂಗಾಡುತ್ತವೆ. 1985ರಲ್ಲಿ ಝಾನೆನ್, ಸಾವಾಟ್ಸ್ಕಿ, ಅಲೆನ್ ಕೊಟ್ಟ ಈ ವರ್ಗೀಕರಣ ನಿಮಗೆ ಇಲ್ಲಿ ಒಂದೇ ಕಾರಣಕ್ಕೆ ಬೇಕು: ಹೋಲ್ ಎಲ್ಲಿ ಹೋಗಿ ಕೂರಬಹುದು ಎಂದು ಮೊದಲೇ ಊಹಿಸುವುದಕ್ಕೆ.

ಹಂತ 2: ಡೋಪಂಟ್ ಯಾವ ಕೆಲಸ ಮಾಡಬೇಕು ಎಂದು ಗೊತ್ತುಮಾಡಿಕೊಳ್ಳಿ

ಒಂದು ಅಯಾನು ತೆಗೆದು ಇನ್ನೊಂದು ಇಟ್ಟಾಗ ಮೂರು ಸಂಗತಿ ಒಟ್ಟಿಗೆ ನಡೆಯುತ್ತವೆ, ಗೊಂದಲ ಶುರುವಾಗುವುದು ಇಲ್ಲಿಂದಲೇ. ವಿದ್ಯುದಂಶದ ವ್ಯತ್ಯಾಸದಿಂದ ಎಲೆಕ್ಟ್ರಾನ್ ಸಂಖ್ಯೆ ಬದಲಾಗುತ್ತದೆ. ಗಾತ್ರದ ವ್ಯತ್ಯಾಸದಿಂದ ಅಷ್ಟಮುಖಿಗಳು ವಾಲುವ ಕೋನ ಬದಲಾಗಿ, ಕಕ್ಷಕಗಳು ಒಂದರ ಮೇಲೊಂದು ಹಾಯುವ ಪ್ರಮಾಣ ಬದಲಾಗುತ್ತದೆ. ಮ್ಯಾಂಗನೀಸ್ ಜಾಗಕ್ಕೇ ಕೈಹಾಕಿದ್ದರೆ ಕಕ್ಷಕಗಳ ಸರಪಳಿ ಅಲ್ಲಲ್ಲಿ ತುಂಡಾಗುತ್ತದೆ.

ಬರಿ ಸ್ಟ್ರಾಂಷಿಯಂ ಸರಣಿ ಮಾಡಿ ಮೊದಲೆರಡನ್ನು ಬೇರ್ಪಡಿಸಲು ಬರುವುದಿಲ್ಲ. ಹೋಲಿಕೆಗೆ ಅದೇ ಪ್ರಮಾಣದ ಕ್ಯಾಲ್ಸಿಯಂ ಮಾದರಿ ಒಂದು ಮಾಡಿ. ಒಂಬತ್ತು ನೆರೆಗಳ ಲೆಕ್ಕದಲ್ಲಿ ಲ್ಯಾಂಥನಮ್ ತ್ರಿಜ್ಯ 1.216 ಆಂಗ್‌ಸ್ಟ್ರಾಂ, ಕ್ಯಾಲ್ಸಿಯಂ 1.18, ಸ್ಟ್ರಾಂಷಿಯಂ 1.31. ಕ್ಯಾಲ್ಸಿಯಂ, ಸ್ಟ್ರಾಂಷಿಯಂ ಎರಡೂ ಎರಡು ಧನ ಅಯಾನುಗಳೇ, ಆದ್ದರಿಂದ ಹೋಲ್ ಸಂಖ್ಯೆ ಒಂದೇ. ಉಳಿದ ವ್ಯತ್ಯಾಸ ಗಾತ್ರದ್ದು. ಅದು ಎಷ್ಟು ದೊಡ್ಡದೆಂದರೆ, ಶೇ. 30 ಡೋಪಿಂಗ್‌ನಲ್ಲಿ ಸ್ಟ್ರಾಂಷಿಯಂ ಮಾದರಿ ಸುಮಾರು 370 ಕೆಲ್ವಿನ್‌ವರೆಗೆ ಫೆರೋಕಾಂತವಾಗಿದ್ದರೆ ಕ್ಯಾಲ್ಸಿಯಂನದು 250ರ ಆಸುಪಾಸಿಗೇ ಕೈಚೆಲ್ಲುತ್ತದೆ. ‘ಹೋಲ್ ಹೆಚ್ಚಿತು, ಹಾಗಾಗಿ ಹೀಗಾಯಿತು’ ಎಂದು ಬರೆಯುವ ಮುನ್ನ ಈ ಎರಡು ಸಂಖ್ಯೆ ನೆನಪಿರಲಿ.

ಹಂತ 3: ತೂಕ — ಮಳೆಗಾಲದಲ್ಲಿ ಕೆಡುವುದು ಇಲ್ಲೇ

ಬಹುಪಾಲು ವೈಫಲ್ಯ ಈ ಹಂತದ್ದು, ಆದ್ದರಿಂದ ನಿಧಾನವಾಗಿ ಓದಿ.

ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವ ಹೀರಿಕೊಂಡು ಹೈಡ್ರಾಕ್ಸೈಡ್ ಆಗುತ್ತದೆ, ಇಂಗಾಲದ ಡೈಆಕ್ಸೈಡನ್ನೂ ಹಿಡಿದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಗೋವಾಗಳಲ್ಲಿ ಹಪ್ಪಳ ಗರಿಗರಿ ಇರುವುದಿಲ್ಲ. ಬಾಟಲಿಯ ಮುಚ್ಚಳ ಗಟ್ಟಿಯಿದೆ ಎಂಬ ನಂಬಿಕೆಗೆ ಅಲ್ಲಿ ಬೆಲೆಯಿಲ್ಲ. ಪೂರ್ತಿ ಹೈಡ್ರಾಕ್ಸೈಡ್ ಆಗಿಬಿಟ್ಟ ಪುಡಿಯಲ್ಲಿ ತೂಕದ ಶೇ. 86ಕ್ಕಿಂತ ತುಸು ಕಡಿಮೆ ಮಾತ್ರ ಆಕ್ಸೈಡ್. ನೋಡಲು ಎರಡೂ ಬಿಳಿ ಪುಡಿಯೇ.

ಇದು ಎಷ್ಟು ಕೆಡುಕು ಮಾಡುತ್ತದೆಂದು ಲೆಕ್ಕ ಹಾಕೋಣ. ನಿಮ್ಮ ಪುಡಿಯಲ್ಲಿ ಬರಿ ಶೇ. 5 ನೀರಿದೆ ಎಂದುಕೊಳ್ಳಿ. 0.9 ಲ್ಯಾಂಥನಮ್ ಎಂದು ತೂಗಿದ್ದು ನಿಜದಲ್ಲಿ 0.855. ಕೊರತೆಯಾದ 0.045 ಅಯಾನು ತಲಾ ಮೂರು ಧನ ವಿದ್ಯುದಂಶ ತರಬೇಕಿತ್ತು. ಆಮ್ಲಜನಕ ಪೂರ್ತಿಯಿದ್ದರೆ ಅದನ್ನು ತುಂಬಲು 0.135 ಹೋಲ್ ಹುಟ್ಟಬೇಕು. ನೀವು ಸ್ಟ್ರಾಂಷಿಯಂನಿಂದ ತರಬೇಕೆಂದಿದ್ದದ್ದು 0.1. ಅಂದರೆ ನೀವು ಮಾಡಿದ ಡೋಪಿಂಗ್‌ಗಿಂತ ಮಳೆ ಮಾಡಿದ ಡೋಪಿಂಗ್ ಹೆಚ್ಚು! ವಾಸ್ತವದಲ್ಲಿ ಹೆಚ್ಚಾದ ಮ್ಯಾಂಗನೀಸ್‌ನ ಒಂದು ಪಾಲು ಬೇರೆ ಆಕ್ಸೈಡಾಗಿ ಹೊರಬೀಳುತ್ತದೆ, ಆಗಂತೂ ಲೆಕ್ಕವೇ ಸಿಗುವುದಿಲ್ಲ.

ಮಾಡಬೇಕಾದದ್ದು: ಲ್ಯಾಂಥನಮ್ ಆಕ್ಸೈಡನ್ನು ಹಿಂದಿನ ರಾತ್ರಿ 900ರಿಂದ 1000 ಡಿಗ್ರಿಯಲ್ಲಿ ಇಡಿ. ಬೆಳಗ್ಗೆ 200 ಡಿಗ್ರಿಗೆ ಇಳಿದಾಗಲೇ ಇಕ್ಕಳದಲ್ಲಿ ತೆಗೆದು ಡೆಸಿಕೇಟರ್‌ಗೆ ಹಾಕಿ, ತಣಿದ ಕೂಡಲೇ ತೂಗಿ. ತಕ್ಕಡಿಯ ಅಂಕಿ ನೋಡನೋಡುತ್ತಲೇ ಮೇಲೇರುತ್ತಿದ್ದರೆ ಅದು ತಕ್ಕಡಿಯ ದೋಷವಲ್ಲ, ಪುಡಿ ತೇವ ಕುಡಿಯುತ್ತಿದೆ, ಮತ್ತೆ ಒಲೆಗೆ. ಸ್ಟ್ರಾಂಷಿಯಂ ಕಾರ್ಬೊನೇಟ್‌ಗೆ 200 ಡಿಗ್ರಿಯ ಓವನ್ ಸಾಕು. ಮ್ಯಾಂಗನೀಸ್ ಡೈಆಕ್ಸೈಡ್‌ನ ಆಮ್ಲಜನಕ ಲೆಕ್ಕ ನಂಬಲರ್ಹವಲ್ಲ. 700 ಡಿಗ್ರಿಯಲ್ಲಿ ಕಾಯಿಸಿ ಎರಡು ಮ್ಯಾಂಗನೀಸ್‌ಗೆ ಮೂರು ಆಮ್ಲಜನಕದ ಆಕ್ಸೈಡಾಗಿ ಮಾಡಿಕೊಂಡು ತೂಗಿ.

0.02 ಮೋಲ್ ಮಾದರಿಗೆ (ಸುಮಾರು 4.73 ಗ್ರಾಂ) ಬೇಕಾದದ್ದು: ಲ್ಯಾಂಥನಮ್ ಆಕ್ಸೈಡ್ 2.9323 ಗ್ರಾಂ, ಸ್ಟ್ರಾಂಷಿಯಂ ಕಾರ್ಬೊನೇಟ್ 0.2953 ಗ್ರಾಂ, ಮ್ಯಾಂಗನೀಸ್ ಆಕ್ಸೈಡ್ 1.5787 ಗ್ರಾಂ. ಸ್ಟ್ರಾಂಷಿಯಂನ ಅಂಕಿ ಎಷ್ಟು ಚಿಕ್ಕದು ನೋಡಿ. ತೂಕದ ಕಾಗದಕ್ಕೆ 10 ಮಿಲಿಗ್ರಾಂ ಅಂಟಿಕೊಂಡರೆ ಶೇ. 3ಕ್ಕಿಂತ ಹೆಚ್ಚು ಡೋಪಂಟ್ ಹೋದಂತೆ. ಕಾಗದವನ್ನು ವಾಪಸ್ ತೂಗಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಹಂತ 4: ಅರೆಯುವುದು, ಸುಡುವುದು, ಮತ್ತೆ ಅರೆಯುವುದು

ಅಸಿಟೋನ್ ಹಾಕಿ ಒಂದು ಗಂಟೆ ಅರೆಯಿರಿ. 1000 ಡಿಗ್ರಿಯಲ್ಲಿ 24 ಗಂಟೆ, ಅರೆದು 1200ರಲ್ಲಿ 24 ಗಂಟೆ, ಮತ್ತೆ ಅರೆದು ಪೆಲೆಟ್ ಒತ್ತಿ 1300ರಲ್ಲಿ 24 ಗಂಟೆ. ಪೆಲೆಟ್‌ನ ಕೆಳಗೆ ಅದೇ ಮಾದರಿಯ ಪುಡಿ ಹರಡಿ, ಇಲ್ಲವಾದರೆ ಅಲ್ಯುಮಿನಾ ಕ್ರೂಸಿಬಲ್ ಜೊತೆ ಪ್ರತಿಕ್ರಿಯೆಯಾಗುತ್ತದೆ. ನಡುನಡುವೆ ಅರೆಯುವುದನ್ನು ತಪ್ಪಿಸಿ ಒಂದೇ ಸಲ 72 ಗಂಟೆ ಇಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಕಣದ ಹೊರಪದರಕ್ಕೆ ಸ್ಟ್ರಾಂಷಿಯಂ ಮುಟ್ಟಿ ಒಳಗೆ ಬರಿದೇ ಉಳಿಯುತ್ತದೆ.

ಪುಣೆಯವರಿಗೆ ಒಂದು ಮಾತು: ವಿದ್ಯುತ್ ಲೈನ್ ದುರಸ್ತಿ ಸಾಮಾನ್ಯವಾಗಿ ಗುರುವಾರ. ಉದ್ದದ ಸುಡುವಿಕೆ ಗುರುವಾರ ದಾಟುವಂತೆ ಇಡಬೇಡಿ. ನಡುವೆ ಕರೆಂಟ್ ಹೋಗಿ ಫರ್ನೇಸ್ ತಾನಾಗಿ ತಣಿದರೆ ಮಾದರಿ ಹಾಳಾಗದು, ಆದರೆ ಅದು ತಣಿದ ವೇಗ ಬೇರೆಯಾದ್ದರಿಂದ ಆಮ್ಲಜನಕದ ಪ್ರಮಾಣವೂ ಬೇರೆಯಾಗಿರುತ್ತದೆ. ಸರಣಿಯ ಉಳಿದ ಮಾದರಿಗಳ ಜೊತೆ ಹೋಲಿಸಲು ಬರುವುದಿಲ್ಲ.

ಎಚ್ಚರಿಕೆಯ ಗುರುತು: ಗಟ್ಟಿಯಿದ್ದ ಪೆಲೆಟ್ ನಾಲ್ಕಾರು ದಿನದಲ್ಲಿ ಡಬ್ಬಿಯೊಳಗೇ ಪುಡಿಯಾಗಿ ಉದುರಿದರೆ, ಪ್ರತಿಕ್ರಿಯಿಸದ ಲ್ಯಾಂಥನಮ್ ಆಕ್ಸೈಡ್ ಒಳಗೆ ಉಳಿದು ತೇವದಿಂದ ಉಬ್ಬಿದೆ. ಆ ಮಾದರಿಯ ಮೇಲೆ ಇನ್ನೊಂದು ಗಂಟೆಯನ್ನೂ ಕಳೆಯಬೇಡಿ.

ಹಂತ 5: ಡೋಪ್ ಮಾಡದ ಮಾದರಿಯ ಮೇಲೆ ಅನುಮಾನವಿರಲಿ

ಹೋಲಿಕೆಗೆಂದು ಎಲ್ಲರೂ ಸ್ಟ್ರಾಂಷಿಯಂ ಇಲ್ಲದ ಮ್ಯಾಂಗನೈಟ್ ಒಂದನ್ನು ಮಾಡುತ್ತಾರೆ. ಗಾಳಿಯಲ್ಲಿ ಸುಟ್ಟು ನಿಧಾನವಾಗಿ ತಣಿಸಿದ ಆ ‘ಶುದ್ಧ’ ಮಾದರಿ ಶುದ್ಧವಾಗಿರುವುದೇ ಅಪರೂಪ. ಅದು ಗಾಳಿಯಿಂದ ಹೆಚ್ಚುವರಿ ಆಮ್ಲಜನಕ ಸೇರಿಸಿಕೊಂಡು, ಲೋಹದ ಜಾಗಗಳನ್ನು ಖಾಲಿ ಬಿಟ್ಟುಕೊಂಡು, ತನ್ನಷ್ಟಕ್ಕೇ ಡೋಪ್ ಆಗಿರುತ್ತದೆ. ಸೂತ್ರದಲ್ಲಿ ಆಮ್ಲಜನಕ 3.05 ಆಗಿದ್ದರೆ ಹೋಲ್ 0.1. ನಿಮ್ಮ ಶೂನ್ಯವೇ ಶೂನ್ಯವಲ್ಲದಿದ್ದಾಗ ಗ್ರಾಫ್‌ನ ಉಳಿದ ಬಿಂದುಗಳಿಗೆ ಏನು ಅರ್ಥ?

ಪತ್ತೆ ಸುಲಭ. ತಾಮ್ರದ ಕೆ-ಆಲ್ಫಾ ಬಳಸಿದ ಎಕ್ಸ್-ರೇ ಪಟದಲ್ಲಿ 32.3 ಡಿಗ್ರಿಯ ದೊಡ್ಡ ಶಿಖರದ ಎಡಕ್ಕೆ, 31.1ರ ಬಳಿ, ಬೇರೆಯಾಗಿ ಒಂದು ಶಿಖರ ಕಾಣಬೇಕು. ಏಕಘಟಕದ (ಹರಳಿನಲ್ಲಿ ಮತ್ತೆಮತ್ತೆ ಬರುವ ಚಿಕ್ಕ ಪೆಟ್ಟಿಗೆಯ) ಎ ಅಂಚು ಸುಮಾರು 5.54, ಬಿ 5.75, ಸಿ 7.70 ಆಂಗ್‌ಸ್ಟ್ರಾಂ, ಬಿ ಉದ್ದವಾಗಿರುವುದೇ ಕಕ್ಷಕಗಳು ಸಾಲಾಗಿ ಶಿಸ್ತಿನಲ್ಲಿರುವ ಗುರುತು. 31.1ರ ಶಿಖರವಿಲ್ಲದೆ ದೊಡ್ಡ ಶಿಖರ ಮಾತ್ರ ಎರಡಾಗಿ ಸೀಳಿದ್ದರೆ ಅದು ರೋಂಬೊಹೆಡ್ರಲ್ ಎಂಬ ಬೇರೆ ಹರಳು ರಚನೆ, ಆಮ್ಲಜನಕ ಹೆಚ್ಚಾಗಿದೆ. ಆಗ ಆರ್ಗಾನ್ ಹರಿವಿನಲ್ಲಿ 900ರಿಂದ 1000 ಡಿಗ್ರಿಯಲ್ಲಿ ಕಾಯಿಸಿ, ಆರ್ಗಾನ್‌ನಲ್ಲೇ ತಣಿಸಿ. ಬೇಗ ಆಗಲೆಂದು ಹೈಡ್ರೋಜನ್ ಬಿಡಬೇಡಿ, ಅದು ಮ್ಯಾಂಗನೀಸನ್ನು ಎರಡಕ್ಕಿಳಿಸಿ ವಸ್ತುವನ್ನೇ ಒಡೆಯುತ್ತದೆ.

ಹಂತ 6: ಹೋಲ್ ಎಣಿಸಿ — ಬ್ಯುರೆಟ್ ಸಾಕು

ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಪಿಯುಸಿಯ ಟೈಟ್ರೇಶನ್ ಎಂಬ ತಾತ್ಸಾರವಿರಬೇಕು. ಆದರೆ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಖಚಿತ ಅಳತೆ ಇದೇ.

50 ಮಿಲಿಗ್ರಾಂ ಪುಡಿಯನ್ನು ಹೆಚ್ಚಿನ ಪೊಟ್ಯಾಸಿಯಂ ಅಯೊಡೈಡ್ ಜೊತೆ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿ. ಮ್ಯಾಂಗನೀಸ್ ಎಲ್ಲವೂ ಎರಡು ಧನಕ್ಕೆ ಇಳಿದು, ಅದಕ್ಕೆ ತಕ್ಕಷ್ಟು ಅಯೋಡಿನ್ ಬಿಡುಗಡೆಯಾಗುತ್ತದೆ. ಅದನ್ನು ಥಯೋಸಲ್ಫೇಟ್‌ನಿಂದ ಅಳೆಯಿರಿ. ಒಂದು ಮ್ಯಾಂಗನೀಸ್‌ಗೆ ತಗಲುವ ಥಯೋಸಲ್ಫೇಟ್, ಅದರ ಸರಾಸರಿ ವೇಲೆನ್ಸಿಯಲ್ಲಿ ಎರಡು ಕಳೆದಷ್ಟು.

ಲೆಕ್ಕ: ನಮ್ಮ ಮಾದರಿಯ ಅಣುತೂಕ 236.71, ಆದ್ದರಿಂದ 50 ಮಿಲಿಗ್ರಾಂನಲ್ಲಿ 0.2112 ಮಿಲಿಮೋಲ್. ವೇಲೆನ್ಸಿ ಸರಿಯಾಗಿ 3.1 ಇದ್ದರೆ 0.02 ಮೋಲಾರ್ ದ್ರಾವಣ 11.62 ಮಿಲಿಲೀಟರ್ ತಗಲಬೇಕು. 12.04 ತಗಲಿದರೆ ವೇಲೆನ್ಸಿ 3.14, ಅಂದರೆ ಹೆಚ್ಚುವರಿ ಆಮ್ಲಜನಕ 0.02. ಬ್ಯುರೆಟ್ 0.1 ಮಿಲಿಲೀಟರ್ ತಪ್ಪಿ ಓದಿದರೂ ವೇಲೆನ್ಸಿಯಲ್ಲಿ ದೋಷ ಬರಿ 0.01 ಆಸುಪಾಸು.

ಕೆಡುವ ಜಾಗಗಳು ಮೂರು. ಆಮ್ಲದಲ್ಲಿರುವ ಅಯೊಡೈಡನ್ನು ಗಾಳಿಯೂ ಆಕ್ಸಿಡೀಕರಿಸುತ್ತದೆ. ಹಾಗಾಗಿ ಕುದಿಸಿ ಆರಿಸಿದ ನೀರು ಬಳಸಿ, ಸಾರಜನಕ ಹಾಯಿಸುತ್ತಿರಿ. ಹಾಯಿಸದಿದ್ದರೆ ಇಲ್ಲದ ಹೋಲ್ ಲೆಕ್ಕಕ್ಕೆ ಸೇರುತ್ತದೆ. ಪಿಷ್ಟವನ್ನು ದ್ರಾವಣ ತಿಳಿ ಹಳದಿಗೆ ಬಂದ ಮೇಲೆ ಹಾಕಿ, ಮೊದಲೇ ಹಾಕಿದರೆ ಅಯೋಡಿನ್ ಅದಕ್ಕೇ ಕಚ್ಚಿಕೊಂಡು ಕೊನೆಬಿಂದು ಜಾರುತ್ತದೆ. ಥಯೋಸಲ್ಫೇಟ್ ದ್ರಾವಣವನ್ನು ಅದೇ ದಿನ ಡೈಕ್ರೋಮೇಟ್‌ನಿಂದ ತಾಳೆ ನೋಡಿ.

ಈ ಅಳತೆಯ ಮಿತಿಯೂ ಗೊತ್ತಿರಲಿ. ಹೋಲ್ ಮ್ಯಾಂಗನೀಸ್ ಮೇಲಿರಲಿ, ಆಮ್ಲಜನಕದ ಮೇಲಿರಲಿ, ಅಯೊಡೈಡ್ ಎರಡನ್ನೂ ಒಂದೇ ರೀತಿ ತಿನ್ನುತ್ತದೆ. ‘ಟೈಟ್ರೇಶನ್‌ನಿಂದ ಶೇ. 10 ಮ್ಯಾಂಗನೀಸ್ ನಾಲ್ಕು ಧನ ಎಂದು ಸಾಬೀತಾಯಿತು’ ಎಂಬ ವಾಕ್ಯ ತಪ್ಪು. ಸಾಬೀತಾದದ್ದು ಶೇ. 10 ಹೋಲ್, ಅಷ್ಟೇ.

ಹಂತ 7: ಬಂಧದ ಉದ್ದದಲ್ಲಿ ಕಕ್ಷಕ ಓದಿ

ಒಂದು ಮ್ಯಾಂಗನೀಸ್ ತನ್ನ ಇ-ಜಿ ಎಲೆಕ್ಟ್ರಾನ್ ಕಳೆದುಕೊಂಡರೆ ಅದರ ಅಷ್ಟಮುಖಿಗೆ ಉದ್ದವಾಗಿ ನಿಲ್ಲುವ ಕಾರಣವೇ ಇಲ್ಲ. ಆರು ಬಂಧಗಳೂ ಸಮವಾಗಲು ನೋಡುತ್ತವೆ. ಅಷ್ಟೇ ಆಗಿದ್ದರೆ ಕಥೆ ಸುಲಭವಿತ್ತು. ಸುತ್ತಲಿನ ಮ್ಯಾಂಗನೀಸ್‌ಗಳ ಎಲೆಕ್ಟ್ರಾನ್‌ಗಳು ತಮ್ಮ ಕಕ್ಷಕದ ಹಾಲೆಯನ್ನು ಆ ಖಾಲಿಯಾದ ಜಾಗದ ಕಡೆಗೆ ತಿರುಗಿಸಿಕೊಳ್ಳುತ್ತವೆ, ಹಾಗೆ ತಿರುಗಿದರೆ ಜಿಗಿಯಲು ದಾರಿ. ಹೋಲ್ ಮತ್ತು ಅದರ ಸುತ್ತ ತಿರುಗಿದ ಕಕ್ಷಕಗಳ ಈ ಗುಂಪೇ ಕಕ್ಷಕ ಪೋಲರಾನ್. ಡೋಪಿಂಗ್ ಒಂದು ಎಲೆಕ್ಟ್ರಾನ್ ತೆಗೆಯಿತು ಎನ್ನುವುದು ಅರ್ಧ ಮಾತು. ನೆರೆಯವರನ್ನೂ ತಿರುಗಿಸಿತು ಎನ್ನುವುದು ಉಳಿದರ್ಧ. ಕಡಿಮೆ ಡೋಪಿಂಗ್‌ನಲ್ಲಿ ಈ ಗುಂಪುಗಳು ಒಂದೊಂದು ಕಡೆ ಸಿಕ್ಕಿಕೊಂಡಿರುವುದರಿಂದಲೇ ಹೋಲ್ ಇದ್ದರೂ ವಸ್ತು ಅವಾಹಕವಾಗಿ ಉಳಿಯುತ್ತದೆ.

ಎಕ್ಸ್-ರೇ ಪಟದಲ್ಲಿ ಇದರ ಮೊದಲ ಸುಳಿವು: ಬಿ ಅಂಚು ಕುಗ್ಗಿ ಎ ಹತ್ತಿರ ಬರುತ್ತದೆ, 31.1ರ ಶಿಖರ ಬಲಕ್ಕೆ ಸರಿಯುತ್ತದೆ. ಆದರೆ ಬಂಧದ ಉದ್ದಕ್ಕೆ ಆಮ್ಲಜನಕದ ನಿಖರ ಸ್ಥಾನ ಬೇಕು, ಭಾರದ ಲ್ಯಾಂಥನಮ್ ಪಕ್ಕ ಆಮ್ಲಜನಕ ಎಕ್ಸ್-ರೇಗೆ ಸರಿಯಾಗಿ ಕಾಣದು. ನ್ಯೂಟ್ರಾನ್‌ಗೆ ಕಾಣುತ್ತದೆ. ಅಲ್ಲದೆ ನ್ಯೂಟ್ರಾನ್ ಚದುರಿಕೆಯಲ್ಲಿ ಮ್ಯಾಂಗನೀಸ್‌ನ ಬೆಲೆ ಋಣ, ಆಮ್ಲಜನಕದ್ದು ಧನ; ಎರಡೂ ಸ್ಪಷ್ಟವಾಗಿ ಬೇರೆಯಾಗುತ್ತವೆ. ಮುಂಬಯಿಯವರ ಭಾಗ್ಯವೆಂದರೆ ಟ್ರಾಂಬೆಯ ಧ್ರುವ ರಿಯಾಕ್ಟರ್ ಊರಲ್ಲೇ ಇದೆ, ಯುಜಿಸಿ-ಡಿಎಇ ಸಂಸ್ಥೆಯ ಮುಂಬಯಿ ಕೇಂದ್ರದ ಮೂಲಕ ವಿಶ್ವವಿದ್ಯಾಲಯದವರೂ ಅರ್ಜಿ ಹಾಕಬಹುದು. ಹಲವು ಗ್ರಾಂ ಪುಡಿ ಬೇಕು, ಅದಕ್ಕೇ ಮೊದಲಿನಿಂದ ಒಂದು ಸಲಕ್ಕೆ ನಾಲ್ಕೈದು ಗ್ರಾಂ ಮಾಡಿ ಎಂದದ್ದು.

ನ್ಯೂಟ್ರಾನ್ ಸಿಗುವವರೆಗೆ ರಾಮನ್ ನೋಡಿ. ಡೋಪ್ ಮಾಡದ ಮಾದರಿಯಲ್ಲಿ 490 ಮತ್ತು 610ರ (ಪ್ರತಿ ಸೆಂಟಿಮೀಟರ್) ಬಳಿ ಬಲವಾದ ಎರಡು ಪಟ್ಟಿ ಇರುತ್ತವೆ. ಇವು ಯಾನ್-ಟೆಲ್ಲರ್ ವಿರೂಪಕ್ಕೆ ಸೇರಿದವು. ಡೋಪಿಂಗ್ ಏರಿದಂತೆ ಅಗಲವಾಗಿ ಮಂಕಾಗುತ್ತವೆ. ಲೇಸರ್ ಶಕ್ತಿಯನ್ನು 1 ಮಿಲಿವ್ಯಾಟ್ ಕೆಳಗಿಡಿ. ಕಪ್ಪು ಪುಡಿ ಬೇಗ ಕಾಯುತ್ತದೆ, ಕಾದ ಚುಕ್ಕಿ ಗಾಳಿಯಿಂದ ಆಮ್ಲಜನಕ ತೆಗೆದುಕೊಳ್ಳುತ್ತದೆ, ಆಗ ನೀವು ಅಳೆಯುತ್ತಿರುವುದು ಲೇಸರ್ ಮಾಡಿದ ಡೋಪಿಂಗ್. ಒಂದೇ ಚುಕ್ಕಿಯಲ್ಲಿ ಎರಡು ಸಲ ತೆಗೆದ ಪಟ ಬೇರೆಬೇರೆ ಬಂದರೆ ಶಕ್ತಿ ಇಳಿಸಿ.

ಇನ್ನೊಂದು ಬಲೆ: ಡಿಫ್ರಾಕ್ಷನ್ ಕೊಡುವುದು ಸರಾಸರಿ. ಸರಾಸರಿಯಲ್ಲಿ ಬಂಧಗಳು ಸಮವಾಗಿ ಕಂಡ ಮಾತ್ರಕ್ಕೆ ಪ್ರತಿ ಅಷ್ಟಮುಖಿಯೂ ಸಮವಾಯಿತು ಎಂದಲ್ಲ. ಬೇರೆಬೇರೆ ದಿಕ್ಕಿಗೆ ಚಾಚಿದವು ಸೇರಿ ಸಮವಾಗಿ ಕಾಣಬಹುದು. ಸ್ಥಳೀಯ ಚಿತ್ರಕ್ಕೆ ಮ್ಯಾಂಗನೀಸ್ ಕೆ ಅಂಚಿನ (ಅದರ ಒಳಗಿನ ಎಲೆಕ್ಟ್ರಾನ್ ಎಕ್ಸ್-ರೇ ಹೀರತೊಡಗುವ ಶಕ್ತಿ, 6539 ಎಲೆಕ್ಟ್ರಾನ್ ವೋಲ್ಟ್) ಎಕ್ಸಾಫ್ಸ್, ಅಂದರೆ ಆ ಹೀರಿಕೆಯ ಏರಿಳಿತದಿಂದ ನೆರೆ ಪರಮಾಣುಗಳ ದೂರ ಅಳೆಯುವ ವಿಧಾನ, ಬೇಕು.

ಹಂತ 8: ರೋಧ ಮತ್ತು ಕಾಂತತೆ — ಅಡ್ಡ ತನಿಖೆಗೆ ಮಾತ್ರ

ಕೋಣೆಯ ತಾಪದ ಒಂದೇ ರೋಧ ಸಂಖ್ಯೆಯಿಂದ ಏನೂ ತಿಳಿಯದು. ದ್ರವ ಸಾರಜನಕದ 77 ಕೆಲ್ವಿನ್‌ನಿಂದ ಮೇಲಕ್ಕೆ ನಾಲ್ಕು ತಂತಿ ಹಚ್ಚಿ ಅಳೆಯಿರಿ. ರೋಧಶೀಲತೆಯನ್ನು ತಾಪದಿಂದ ಭಾಗಿಸಿ, ಅದರ ಲಾಗ್ ಅನ್ನು ತಾಪದ ವಿಲೋಮದ ಎದುರು ಹಾಕಿದಾಗ ಸರಳರೇಖೆ ಬಂದರೆ ಸಣ್ಣ ಪೋಲರಾನ್ ಜಿಗಿತದ ಸೂಚನೆ. ಪೆಲೆಟ್‌ನ ಕಣಗಡಿಗಳೂ ರೋಧ ಸೇರಿಸುತ್ತವೆ, ಹಾಗಾಗಿ ಸಂಖ್ಯೆಗಿಂತ ಇಳಿಜಾರನ್ನು ನಂಬಿ. ಕಾಂತತೆಯ ಗ್ರಾಫ್‌ನಲ್ಲಿ 42 ಕೆಲ್ವಿನ್ ಬಳಿ ಪುಟ್ಟ ಮೆಟ್ಟಿಲು ಕಂಡರೆ ಅದು ಹೊಸ ಭೌತಶಾಸ್ತ್ರವಲ್ಲ: ಹೌಸ್‌ಮನೈಟ್ (ಮೂರು ಮ್ಯಾಂಗನೀಸ್‌ಗೆ ನಾಲ್ಕು ಆಮ್ಲಜನಕದ ಆಕ್ಸೈಡ್) ಕಲ್ಮಶ. ಮೂರನೇ ಹಂತದ ತೂಕಕ್ಕೆ ವಾಪಸ್ ಹೋಗಿ.

ಹಂತ 9: ಹೋಲ್ ಯಾರ ಮನೆಯಲ್ಲಿದೆ?

ನಿಕಲ್ ಆಕ್ಸೈಡ್‌ಗೆ ಲಿಥಿಯಂ ಹಾಕಿದಾಗ ನಿಕಲ್ ಮೂರು ಧನವಾಗುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಬರೆದವು. 1989ರಲ್ಲಿ ಆಮ್ಲಜನಕದ ಕೆ ಅಂಚಿನ ಹೀರಿಕೆಯ ಪಟ ತೆಗೆದಾಗ ಬೇರೆಯೇ ಕಂಡಿತು. ಶುದ್ಧ ವಸ್ತುವಿನಲ್ಲಿ ಮೊದಲ ಶಿಖರ 532 ಎಲೆಕ್ಟ್ರಾನ್ ವೋಲ್ಟ್ ಬಳಿ. ಲಿಥಿಯಂ ಹಾಕಿದಂತೆ 528.5ರ ಬಳಿ ಹೊಸ ಶಿಖರ ಎದ್ದು ಬೆಳೆಯಿತು. ಹೋಲ್ ಹೆಚ್ಚಾಗಿ ಆಮ್ಲಜನಕದ 2ಪಿ ಕಕ್ಷಕದಲ್ಲಿತ್ತು. ಲ್ಯಾಂಥನಮ್ ಕ್ಯೂಪ್ರೇಟ್‌ಗೆ ಸ್ಟ್ರಾಂಷಿಯಂ ಹಾಕಿದಾಗಲೂ ಹಾಗೆಯೇ ಆಮ್ಲಜನಕಕ್ಕೆ. ಆದರೆ ನಿಯೋಡಿಮಿಯಂ ಕ್ಯೂಪ್ರೇಟ್‌ಗೆ ಸೀರಿಯಂ ಹಾಕಿ ಎಲೆಕ್ಟ್ರಾನ್ ಸೇರಿಸಿದರೆ ಅದು ತಾಮ್ರದ 3ಡಿಗೆ. ತೆಗೆಯುವ ಮನೆ ಒಂದು, ಸೇರಿಸುವ ಮನೆ ಇನ್ನೊಂದು.

ಮ್ಯಾಂಗನೈಟ್‌ನಲ್ಲಿ ಉತ್ತರ ಇಷ್ಟು ಕಡಕ್ಕಾಗಿರುವುದಿಲ್ಲ. ಮ್ಯಾಂಗನೀಸ್ ಇ-ಜಿ ಮತ್ತು ಆಮ್ಲಜನಕ 2ಪಿ ಬೆರೆತ ಸ್ಥಿತಿಯಲ್ಲಿ ಹೋಲ್ ಹಂಚಿಹೋಗಿರುತ್ತದೆ. ಆದ್ದರಿಂದ ಎರಡೂ ಅಂಚು ತೆಗೆಯಬೇಕು: 530ರ ಸುತ್ತಲಿನ ಆಮ್ಲಜನಕ ಕೆ, ಮತ್ತು 640ರಿಂದ 655ರವರೆಗಿನ ಮ್ಯಾಂಗನೀಸ್ ಎಲ್. ಒಂದರಲ್ಲಿ ಮುಂಶಿಖರ (ಅಂಚಿನ ಆರಂಭದ ಶಿಖರ) ಎಷ್ಟು ಬೆಳೆಯಿತು, ಇನ್ನೊಂದು ಎಷ್ಟು ಸರಿಯಿತು ಎಂಬುದನ್ನು ಟೈಟ್ರೇಶನ್‌ನ ಹೋಲ್ ಸಂಖ್ಯೆಯ ಎದುರು ಹಾಕಿ. ಸ್ಟ್ರಾಂಷಿಯಂ ಪ್ರಮಾಣದ ಎದುರು ಹಾಕಬೇಡಿ, ಅದು ನೀವು ತೂಗಿದ್ದು ಮಾತ್ರ.

ಇದಕ್ಕೆ ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್‌ಗೆ ಹೋಗಬೇಕು, ಅಲ್ಲಿನ ಬಿಎಲ್-01 ಬೀಮ್‌ಲೈನ್ ಈ ಮೃದು ಎಕ್ಸ್-ರೇ ವ್ಯಾಪ್ತಿಯದು. ಎಲೆಕ್ಟ್ರಾನ್ ಇಳುವರಿ ವಿಧಾನದಲ್ಲಿ (ಹೊರಬರುವ ಎಲೆಕ್ಟ್ರಾನ್‌ಗಳನ್ನು ಅಳೆಯುವುದು) ಕಾಣುವುದು ಮೇಲಿನ ಕೆಲವೇ ನ್ಯಾನೊಮೀಟರ್. ನಮ್ಮ ಕರಾವಳಿಯ ಹವೆ ಕುಡಿದ ಪೆಲೆಟ್‌ನ ಮೇಲ್ಮೈ ಎಂದರೆ ಹೈಡ್ರಾಕ್ಸೈಡ್, ಕಾರ್ಬೊನೇಟ್. 534ರ ಬಳಿ ಚೂಪು ಶಿಖರ ಬಂದರೆ ಕಾರ್ಬೊನೇಟ್ ಎಂದು ತಿಳಿಯಿರಿ. ಪೆಲೆಟ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿ ಒಯ್ದು, ನಿರ್ವಾತದೊಳಗೆ ಕೆರೆಯಲು ಸಾಧ್ಯವೇ ಎಂದು ಮೊದಲೇ ಕೇಳಿಕೊಳ್ಳಿ. ಆಗದಿದ್ದರೆ ಚೇಂಬರ್‌ಗೆ ಇಡುವ ಮುನ್ನ ಒಡೆದು ಹೊಸ ಮುಖ ಇಡಿ.

ಎಕ್ಸ್‌ಪಿಎಸ್ (ಎಕ್ಸ್-ರೇ ಬಿಟ್ಟು ಮೇಲ್ಮೈಯಿಂದ ಹೊರಬರುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವ ವಿಧಾನ) ಊರಲ್ಲೇ ಸಿಗುತ್ತದೆಂದು ಅದರ ಮೇಲೇ ಎಲ್ಲ ಭಾರ ಹೊರಿಸುವವರಿದ್ದಾರೆ. ಆಮ್ಲಜನಕ 1ಎಸ್‌ನಲ್ಲಿ 531 ಎಲೆಕ್ಟ್ರಾನ್ ವೋಲ್ಟ್ ಬಳಿ ಬರುವ ಭುಜವನ್ನು ‘ಆಮ್ಲಜನಕ ಕೊರತೆ’ ಎಂದು ಬರೆದಿರುವ ಲೇಖನಗಳು ಲೆಕ್ಕವಿಲ್ಲದಷ್ಟಿವೆ. ಅದನ್ನೇ ನಕಲು ಹೊಡೆಯುವುದು ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತೆ. ಇಲ್ಲದ ಆಮ್ಲಜನಕದಿಂದ ಎಲೆಕ್ಟ್ರಾನ್ ಹೇಗೆ ಹೊರಬರುತ್ತದೆ? ಆ ಭುಜ ಬಹುಪಾಲು ಮೇಲ್ಮೈಯ ಹೈಡ್ರಾಕ್ಸೈಡ್, ಕಾರ್ಬೊನೇಟ್‌ಗಳದು. ಕೊರತೆ ಇದೆಯೋ ಇಲ್ಲವೋ ಎಂಬುದನ್ನು ಬ್ಯುರೆಟ್ ಆಗಲೇ ಹೇಳಿದೆ.

ಕಕ್ಷಕದ ದಿಕ್ಕನ್ನೇ ನೇರವಾಗಿ ನೋಡಲು, ಅಂದರೆ ಎಲೆಕ್ಟ್ರಾನ್ ಸಮತಲದಲ್ಲಿ ಹರಡಿದ ಕಕ್ಷಕದಲ್ಲಿದೆಯೋ ಲಂಬವಾಗಿ ಚಾಚಿದ್ದರಲ್ಲೋ ಎಂದು ತಿಳಿಯಲು, ಧ್ರುವೀಕೃತ ಎಕ್ಸ್-ರೇ ಬೇಕು. ಮಾದರಿ ಏಕಸ್ಫಟಿಕ ಅಥವಾ ತೆಳು ಪದರವಾಗಿರಬೇಕು. ಪುಡಿಯಲ್ಲಿ ಎಲ್ಲ ದಿಕ್ಕುಗಳೂ ಕಲಸಿಹೋಗಿರುತ್ತವೆ. ಪುಡಿ ಮಾದರಿ ಇಟ್ಟುಕೊಂಡು ‘ಲಂಬ ಕಕ್ಷಕಕ್ಕೆ ಹೋಯಿತು’ ಎಂದು ಬರೆದರೆ ಪರೀಕ್ಷಕರು ಬಿಡುವುದಿಲ್ಲ, ಬಿಡಲೂಬಾರದು.

ಹಂತ 10: ಗಣಕ ಲೆಕ್ಕ, ಬೇಕಿದ್ದರೆ

ಡಿಎಫ್‌ಟಿ (ಎಲೆಕ್ಟ್ರಾನ್ ಸಾಂದ್ರತೆಯಿಂದ ವಸ್ತುವಿನ ಶಕ್ತಿ ಲೆಕ್ಕ ಹಾಕುವ ವಿಧಾನ) ಮಾಡುವವರು ಮೊದಲು ಪ್ರಮಾಣ ನೋಡಿಕೊಳ್ಳಿ. ಇಪ್ಪತ್ತು ಪರಮಾಣುಗಳ ಏಕಘಟಕದಲ್ಲಿ ಲ್ಯಾಂಥನಮ್ ನಾಲ್ಕೇ. ಒಂದು ತೆಗೆದು ಸ್ಟ್ರಾಂಷಿಯಂ ಇಟ್ಟರೆ ಶೇ. 25, ಅದು ಬೇರೆಯೇ ವಸ್ತು. ನಲವತ್ತು ಪರಮಾಣುಗಳಲ್ಲಿ ಶೇ. 12.5, ಇದು ನಮ್ಮ ಮಾದರಿಗೆ ಹತ್ತಿರ. ಹಬ್ಬರ್ಡ್ ಯು (ಮೊದಲ ಹಂತದಲ್ಲಿ ಹೇಳಿದ, ಒಂದೇ ಲೋಹದ ಮೇಲೆ ಎರಡು ಎಲೆಕ್ಟ್ರಾನ್ ಕೂರಿಸುವ ಶಕ್ತಿ) ಸೇರಿಸದೆ ಬಿಟ್ಟರೆ ಹೋಲ್ ಎಲ್ಲ ಮ್ಯಾಂಗನೀಸ್‌ಗಳ ಮೇಲೂ ಸಮನಾಗಿ ಹರಡಿ ಅವಾಹಕವು ಲೋಹವಾಗಿ ಕಾಣುವ ಸಂಭವ ಹೆಚ್ಚು. ಯು ಸೇರಿಸಿದರೂ ಸಾಲದು; ಆರಂಭದಲ್ಲಿ ಬಂಧಗಳನ್ನು ಸ್ವಲ್ಪ ಅಸಮ ಮಾಡಿ, ಕಕ್ಷಕಗಳ ತುಂಬುವಿಕೆಯನ್ನು ಕೈಯಾರೆ ಬೇರೆಬೇರೆ ಕೊಟ್ಟು, ಹಲವು ಆರಂಭಗಳಿಂದ ಓಡಿಸಿ ಎಲ್ಲಕ್ಕಿಂತ ಕಡಿಮೆ ಶಕ್ತಿಯದನ್ನು ಆರಿಸಿ. ಒಂದೇ ಓಟದಲ್ಲಿ ಬಂದ ಉತ್ತರ ಸಿಕ್ಕಿಬಿದ್ದ ಉತ್ತರವಾಗಿರಬಹುದು. ಯು ಬೆಲೆಯನ್ನು ನಿಮ್ಮ ಗ್ರಾಫ್‌ಗೆ ಹೊಂದುವವರೆಗೆ ತಿರುಚುತ್ತಾ ಕೂರಬೇಡಿ: 3, 4, 5 ಎಲೆಕ್ಟ್ರಾನ್ ವೋಲ್ಟ್ ಮೂರಕ್ಕೂ ಓಡಿಸಿ, ಹೋಲ್‌ನ ನೆಲೆ ಮೂರರಲ್ಲೂ ಒಂದೇ ಬಂದರೆ ವರದಿಗೆ ಸೇರಿಸಿ. ಬರದಿದ್ದರೆ ಮೂರನ್ನೂ ಪಟ್ಟಿಯಲ್ಲಿ ಕೊಟ್ಟು, ಒಂಬತ್ತನೇ ಹಂತದ ಅಳತೆ ಯಾವುದಕ್ಕೆ ಹತ್ತಿರವೆಂದು ಬರೆಯಿರಿ.